ಖಾಲಿ ಬ್ಯಾಗಿನ ಬೊಳ್ಳಿ

ಬ್ಯಾಗು ಖಾಲಿಯಿತ್ತು.

ಕರಾಡಕ್ಕೆ ಸ್ವಲ್ಪ ಈಚೆ, ಹೆದ್ದಾರಿ ಪಕ್ಕದ ಒಂದು ಢಾಬಾ. ಊಟ ಮುಗಿಸಿದವರು ಕೈ ತೊಳೆಯುತ್ತಿದ್ದಾಗ ಕಾರಿನ ಕಡೆಯಿಂದ ಡ್ರೈವರ್ ಹುಸೇನಪ್ಪ ಕೂಗಿದ್ದ— "ಅಕ್ಕೋರ! ಬಿಳಿ ಬೆಕ್ಕಿಲ್ರೀ!" ಓಡಿ ಬಂದು ನೋಡಿದರೆ ಬ್ಯಾಗಿನ ಜಿಪ್ಪು ಅರ್ಧ ತೆರೆದಿದೆ. ಒಳಗೆ ಹಾಸಿದ ಟವೆಲು ಇದೆ, ಬೆಕ್ಕಿಲ್ಲ. ಕಾರಿನ ಹಿಂಬಾಗಿಲು ಹಾರುಹೊಡೆದಿದೆ. ಆಚೆ ಕಬ್ಬಿನ ಗದ್ದೆ, ಈಚೆ ಲಾರಿಗಳ ಸಾಲು. ಹಲ್ಲು ಉದುರಿದ ಮುದಿ ಬೆಕ್ಕು ಎತ್ತ ಹೋಗಿರಬೇಕು?

"ಎತ್ತ ಹೋಯ್ತು ಅಂತ ಕೇಳ್ಲಿಕ್ಕೆ ನಿಮ್ಮನ್ನು ಕರೆದದ್ದಲ್ಲ," ಎಂದರು ಹರಿಶ್ಚಂದ್ರ ಶೆಟ್ಟರು. "ಸಂಜೆವರೆಗೆ ಗದ್ದೆ ಗದ್ದೆ ಹುಡುಕಿ ಆಯ್ತು. ಮಗಳು ಮುಂದಕ್ಕೆ ಬರ್ಲಿಕ್ಕೇ ಕೇಳ್ಲಿಲ್ಲ. ಕುಂದಾಪುರದ ದಾರಿ ಬಿಟ್ಟು ಪುಣೆಗೆ ವಾಪಸ್ ಬಂದದ್ದು. ಮೂರು ದಿನ ಆಯ್ತು, ಊಟ ಇಲ್ಲ, ಮಾತಿಲ್ಲ. ಹೊರಗಿನವರು ಬಂದು ಹೇಳಿದ್ರೆ ನಂಬ್ತಾಳೆ. ತಪ್ಪು ಡ್ರೈವರಂದು ಅಂತ ನಮಗೆಲ್ಲ ಗೊತ್ತುಂಟು. ನೀವು ಸ್ವಲ್ಪ ವಿಚಾರಣೆ ಮಾಡಿದ ಹಾಗೆ ಮಾಡಿ ಅದನ್ನೇ ಹೇಳಿ. ಆಯ್ತಲ್ಲ?"

ಭುವನೇಶ್ವರಿ ಕೈಯಲ್ಲಿದ್ದ ಥರ್ಮೋಕೋಲಿನ ಹಾಳೆಯನ್ನು ಗೋಡೆಗೆ ಒರಗಿಸಿದಳು. ಮಗಳ ಶಾಲೆಯ ಪ್ರಾಜೆಕ್ಟಿಗೆ ತಂದದ್ದು. ಸ್ಕೂಟರಿನ ಮೇಲೆ ಬಿಟ್ಟರೆ ಪುಣೆಯ ಈ ಕ್ಯಾಂಪ್ ಬೀದಿಯ ಗಾಳಿಗೆ ಹಾರಿಹೋಗುತ್ತದೆ.

"ಉತ್ತರ ನಿಮಗ ಗೊತ್ತಿದ್ರ ನನ್ನ ಯಾಕ ನಿಗಡಿಯಿಂದ ಕರಸಿದ್ರಿ, ಶೆಟ್ರ?"

ನಿಗಡಿಯಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲೆ, ಅವಳ ಪತ್ತೇದಾರಿ ಕಚೇರಿ. ಹತ್ತರಲ್ಲಿ ಒಂಬತ್ತು ಕೆಲಸ ಮದುವೆಯದೇ. ಹುಡುಗ ಕುಡಿಯುತ್ತಾನೆಯೇ? ಹುಡುಗಿಗೆ ಮೊದಲು ಬೇರೆಲ್ಲಾದರೂ ಮದುವೆ ಗೊತ್ತಾಗಿತ್ತೇ? ಮನೆಯವರು ತಮಗೆ ಬೇಕಾದ ಉತ್ತರವನ್ನು ಮೊದಲೇ ಆರಿಸಿಟ್ಟುಕೊಂಡು, ಅದಕ್ಕೊಂದು ಠಸ್ಸೆ ಹಾಕಿಸಲು ಅವಳನ್ನು ಕರೆಯುತ್ತಿದ್ದರು. ಬೆಕ್ಕಿನ ಕೇಸು ಇದೇ ಮೊದಲು. ಠಸ್ಸೆ ಮಾತ್ರ ಹಳೆಯದೇ.

"ಹುಸೇನಪ್ಪ ಎಲ್ಲಿದ್ದಾನ?"

"ಅಲ್ಲೇ ಢಾಬಾದ ಹತ್ರ. ಬೆಕ್ಕು ತಾರದೆ ಮುಖ ತೋರಿಸ್ಬೇಡ ಅಂತ ಹೇಳಿದ್ದೇನೆ. ಸಿಕ್ಕದಿದ್ರೆ ಹೋಟೆಲಿನ ಹಿಂದಿನ ರೂಮು ಖಾಲಿ ಮಾಡ್ಬೇಕು. ಅವನ ಹೆಂಡತಿಗೂ ಹೇಳಿ ಆಗಿದೆ."

*

ಶೆಟ್ಟರ ಮನೆ ಹೋಟೆಲಿನ ಮೇಲೆ. ಕೆಳಗಿನ ಇಡ್ಲಿ-ಸಾಂಬಾರಿನ ಹಬೆ ಮೆಟ್ಟಿಲು ಹತ್ತಿ ಹಾಲಿಗೇ ಬರುತ್ತಿತ್ತು. ಮೊದಲು ಸಿಕ್ಕವನು ಲತೇಶ್. ಶೆಟ್ಟರ ಹೆಂಡತಿಯ ತಮ್ಮ, ಕೆಳಗೆ ಗಲ್ಲಾದಲ್ಲಿ ಕೂರುವವನು. ಮೂಗು ಕೆಂಪಾಗಿತ್ತು.

"ನೆಗಡಿ ಏನ್ರಿ?"

"ನೆಗಡಿ ಅಲ್ಲ ಮೇಡಂ, ಬೆಕ್ಕು. ಬೆಕ್ಕು ಅಂದ್ರೆ ನನಗೆ ಸೀನು. ಆದ್ರೆ ಕೇಳುವವರು ಯಾರು? ಕಾರು ಹತ್ತಿದ್ರೆ ಎರಡು ಬೆಕ್ಕು, ಎರಡು ಬ್ಯಾಗು, ಬೆಕ್ಕಿನ ಮಣ್ಣಿನ ಟ್ರೇ, ಬೆಕ್ಕಿನ ನೀರಿನ ಬಾಟ್ಲಿ. ಎಸಿ ಜಾಸ್ತಿ ಮಾಡಿದ್ರೆ ಬೆಕ್ಕಿಗೆ ಚಳಿ. ಹಾಡು ಹಾಕಿದ್ರೆ ಬೆಕ್ಕಿಗೆ ಹೆದರಿಕೆ. ನಾನು ಸೀನಿದ್ರೆ ಬೆಕ್ಕು ಬೆಚ್ಚಿ ಬೀಳ್ತದಂತೆ! ಪುಣೆಯಿಂದ ಕುಂದಾಪುರದವರೆಗೆ ಮೂಗು ಹಿಡ್ಕೊಂಡು ಕೂರ್ಬೇಕಾ ನಾನು?"

"ಹಂಗಾದ್ರ ಒಂದು ಕಡಿಮಿ ಆಗ್ಲಿ ಅಂತ ನೀವೇ ಜಿಪ್ ತೆಗದಿರಬೇಕು."

ಬರಬೇಕಿದ್ದ ಸೀನು ಅರ್ಧಕ್ಕೇ ನಿಂತಿತು. "ನಾನಾ? ನಾನು ಮುಂದಿನ ಸೀಟಲ್ಲಿ ಇದ್ದದ್ದು. ಢಾಬಾದಲ್ಲಿ ಇಳಿದವ ಸೀದಾ ಬಾತ್‌ರೂಮಿಗೆ. ಭಾವನನ್ನು ಕೇಳಿ ಬೇಕಾದ್ರೆ!"

"ದಾರಿಯಾಗ ಬೆಕ್ಕು ಒದರಿದ್ವು?"

"ಒದರುದಾ! ಸ್ವಾರಗೇಟ್ ದಾಟುವ ಮೊದಲೇ ಶುರು."

"ಎರಡೂ?"

"ಎರಡೂ ಅಂತ… ಒಟ್ಟು ಗಲಾಟೆ. ಯಾರು ಲೆಕ್ಕ ಇಡ್ತಾರೆ? ಮತ್ತೆ ಖಂಬಾಟ್ಕಿ ಘಾಟಿಯಲ್ಲಿ ವಾಂತಿ. ಪ್ರತಿ ಸಲ ಅದೇ. ಅದಕ್ಕೇ ಹಿಂದಿನ ರಾತ್ರಿಯಿಂದ ಎರಡಕ್ಕೂ ಉಪವಾಸ ಹಾಕುದು ನಮ್ಮ ಮನೆಯ ಕ್ರಮ. ಆದ್ರೂ ನೊರೆ ನೊರೆ ಕಕ್ಕಿ ಸೀಟು ಹಾಳು. ಅದನ್ನು ಒರೆಸ್ಲಿಕ್ಕೆ ಅಂತ್ಲೇ ಆ ಹುಸೇನಪ್ಪ ಹಿಂಬಾಗಿಲು ತೆಗೆದದ್ದು. ಬೆಕ್ಕು ಹಾರ್ತು. ಮುಗೀತು ಕಥೆ."

"ಕೂಗಿ ಕರೆದವನೂ ಅವನೇ ಅಲ್ಲೇನು?"

"ಕೂಗದೆ ಮತ್ತೆಂತ ಮಾಡ್ತಾನೆ?"

ಭುವನೇಶ್ವರಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಾಗಿಲು ತೆಗೆದು ಬೆಕ್ಕನ್ನು ಕಳೆದುಕೊಂಡವನು ಬಾಗಿಲು ಮುಚ್ಚಿ ಸುಮ್ಮನಿದ್ದಿದ್ದರೆ, ಕುಂದಾಪುರ ಬರುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವನು ಕೂಗಿದ್ದ.

*

ಪ್ರಣೀತಾ ಮಂಚದ ಮೂಲೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಶೆಟ್ಟರ ಮಗಳು, ಆರನೇ ಕ್ಲಾಸಿನ ಹುಡುಗಿ. ಮಡಿಲಲ್ಲಿ ಕರಿಯ ಗಂಡು ಬೆಕ್ಕು, ಪಿಂಟ್ಯಾ.

"ನೀವು ಖರೇ ಡಿಟೆಕ್ಟಿವ್ವಾ?"

"ಹೂಂ ಅವ್ವಿ."

"ಹಾಗೆ ಕಾಣುದೇ ಇಲ್ಲ."

"ಕಂಡ್ರ ಯಾರೂ ಬಾಯಿ ಬಿಡಂಗಿಲ್ಲ. ಬೊಳ್ಳಿ ಹೆಂಗಿತ್ತು ಹೇಳು."

"ಬಿಳಿ. ಒಂದು ಕಿವಿ ಹರಿದಿದೆ. ನಾನು ಹುಟ್ಟುವ ಮೊದಲೇ ಈ ಮನೆಯಲ್ಲಿ ಇದ್ದಾಳೆ. ಅವಳು ನನ್ನ ಅಕ್ಕ."  ಪಿಂಟ್ಯಾನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಕಾರಲ್ಲಿ ನಾನು ಒಂದು ಸಲವೂ ಬ್ಯಾಗಿನ ಒಳಗೆ ನೋಡ್ಲಿಲ್ಲ ಆಂಟಿ. ಮಾತ್ರೆ ಕೊಟ್ಟು ಮಲಗಿಸಿದ್ದೇನೆ, ಬ್ಯಾಗಿನ ಮೇಲೆ ಮುಚ್ಚಿದ ಹಳೆ ಸೀರೆ ತೆಗೀಬೇಡ ಅಂದ್ಲು ಅಮ್ಮ. ನೋಡಿದ್ರೆ ಜಿಪ್ಪು ಹಾಕ್ತಿದ್ದೆ."

ತಪ್ಪನ್ನು ಹುಡುಗಿ ತನ್ನ ಪಾಲಿಗೂ ಸ್ವಲ್ಪ ತೆಗೆದಿಟ್ಟುಕೊಂಡಿದ್ದಾಳೆ ಎಂದು ಭುವನೇಶ್ವರಿಗೆ ಆಗ ಹೊಳೆಯಿತು.

"ಪಿಂಟ್ಯಾನ್ನ ನೀನೇ ನೋಡ್ಕೊಂಡಿ?"

"ಹೂಂ. ಪಾಪ, ಅವನು ಹಸಿದಿದ್ದ. ಅಮ್ಮಂಗೆ ಅವನನ್ನು ಕಂಡ್ರಾಗುದಿಲ್ಲ. ಯಾವಾಗ್ಲೂ ಅವನಿಗೇ ಬೈಗಳು. ಹೊರಡುವ ದಿನ ಬೆಳಿಗ್ಗೆ ಬೊಳ್ಳಿಗೆ ಬಂಗುಡೆ ಹುರಿದು, ಮುಳ್ಳು ತೆಗೆದು, ಕೈಯಲ್ಲೇ ತಿನ್ನಿಸ್ತಿದ್ಲು. ಪಿಂಟ್ಯಾ ಅಡುಗೆಮನೆ ಬಾಗಿಲಲ್ಲಿ ಕೂತು ಕೂಗಿದ್ರೂ ಒಂದು ತುಂಡು ಹಾಕ್ಲಿಲ್ಲ. ಮೊನ್ನೆ ನನ್ನ ಸಾಕ್ಸ್ ಕಚ್ಚಿದ್ದಕ್ಕೆ ಅವನನ್ನು ಬಾಲ್ಕನಿಯಲ್ಲಿ ಹಾಕಿ ಬಾಗಿಲು ಹಾಕಿದ್ಲು. ಇದು ನ್ಯಾಯವಾ?"

"ಅಲ್ಲ," ಎಂದಳು ಭುವನೇಶ್ವರಿ. "ಆ ಎರಡೂ ಬ್ಯಾಗು ಎಲ್ಲಿ ಅವ?"

ಬ್ಯಾಗುಗಳು ಮಂಚದ ಕೆಳಗಿದ್ದವು. ಬಂದವರು ಹಾಗೇ ತಂದು ತಳ್ಳಿದ್ದರು. ಮನೆಯಲ್ಲಿ ಯಾರಿಗೂ ತೆರೆಯುವ ಮನಸ್ಸಾಗಿರಲಿಲ್ಲ. ಪಿಂಟ್ಯಾನದರ ಜಿಪ್ಪು ಎಳೆದ ಕೂಡಲೇ ಹುಳಿ ನಾತ ಮೂಗಿಗೆ ಬಡಿಯಿತು. ಟವೆಲು ಮುದ್ದೆಯಾಗಿ, ಜೊಲ್ಲು ಒಣಗಿ ರಟ್ಟಾಗಿತ್ತು. ಬೊಳ್ಳಿಯದರಲ್ಲಿ ನೀಲಿ ಟವೆಲು. ಭುವನೇಶ್ವರಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ನಾಲ್ಕು ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಮೂಸಿದಳು. ಬಟ್ಟೆ ಸೋಪಿನ ವಾಸನೆ.

*

ಶೆಟ್ಟರ ಹೆಂಡತಿ ಕುಸುಮ ಅಡುಗೆಮನೆಯಲ್ಲಿ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಕೆಳಗಿನ ಹೋಟೆಲಿನ ಚಟ್ನಿಗೂ ಮೇಲಿನ ಮನೆಯ ಸಾರು-ಗಸಿಗೂ ಒಂದೇ ಕೈ. ತಲೆ ಎತ್ತದೆ ಹೇಳಿದಳು, "ಕೂತ್ಕೊಳ್ಳಿ. ಚಾ ಕುಡೀತೀರಾ?"

"ಬ್ಯಾಡ್ರಿ ಅಕ್ಕಾರ. ಬೊಳ್ಳಿನ್ನ ಕೆಳಗ ಕಾರಿಗೆ ತಂದವರು ಯಾರು?"

"ನಾನೇ."

"ಯಾರೂ ಕೈ ಹಚ್ಚಲಿಲ್ಲ?"

"ಈ ಮನೆಯಲ್ಲಿ ಬೆಕ್ಕಿನ ಯಾವ ಕೆಲಸಕ್ಕೆ ಯಾರು ಕೈ ಹಚ್ಚಿದ್ದಾರೆ?" ತುರಿ ಬೀಳುತ್ತಲೇ ಇತ್ತು. "ಲತೇಶ ಪಿಂಟ್ಯಾನನ್ನು ತಂದ, ಸೀನ್ತಾ ಸೀನ್ತಾ. ಬೊಳ್ಳಿಯ ಬ್ಯಾಗು ನನ್ನ ಕಾಲ ಹತ್ರ ಇತ್ತು."

"ಆ ದಿನ ಮುಂಜಾನೆ ಎಲ್ಲೆರೆ ಹೊರಗ ಹೋಗಿದ್ರೇನು?"

ಕುಸುಮ ಇನ್ನೊಂದು ಕಾಯಿ ಹೋಳು ಕೈಗೆತ್ತಿಕೊಂಡಳು. "ಡಾಕ್ಟ್ರ ಹತ್ರ. ವಾಂತಿ ಮಾತ್ರೆ ತರ್ಲಿಕ್ಕೆ."

ಕಿಟಕಿಯ ಸರಳಿಗೆ ತಂತಿಯ ಒಂದು ಕೊಕ್ಕೆ ನೇತಾಡುತ್ತಿತ್ತು. ಪಾತ್ರೆಗೂ ಅಲ್ಲ, ಕ್ಯಾಲೆಂಡರಿಗೂ ಅಲ್ಲ.

"ಅದು ಯಾತಕ್ಕ?"

"ಬೊಳ್ಳಿಯ ಸಲೈನಿಗೆ. ಕಿಡ್ನಿ ಹೋಗಿತ್ತು. ದಿನಾ ಚರ್ಮದ ಕೆಳಗೆ ಸೂಜಿ ಹಾಕ್ಬೇಕು."

"ಯಾರು ಹಾಕ್ತಿದ್ರಿ?"

ಕುಸುಮ ಈಗ ತಲೆ ಎತ್ತಿದಳು. ಕಣ್ಣ ಕೆಳಗೆ ಕಪ್ಪು. ಅದು ಈ ಮೂರು ದಿನದ್ದಲ್ಲ. "ಎರಡು ಹೊತ್ತಿನ ಹೋಟೆಲ್ ಚಟ್ನಿ ಆದ ಮೇಲೆ, ಮಗಳ ಹೋಂವರ್ಕ್ ಆದ ಮೇಲೆ, ಇವರ ಬಿಪಿ ಮಾತ್ರೆ ಆದ ಮೇಲೆ. ಯಾರು ಹಾಕ್ತಾರೆ ಅಂತ ನಿಮಗೆ ಅನ್ನಿಸ್ತದೆ?"

ಅಷ್ಟರಲ್ಲಿ ಕೆಳಗಿನ ಹಿತ್ತಿಲಿನಿಂದ ಕೂಗು ಕೇಳಿತು. ಹೆಣ್ಣಿನ ದನಿ. "ಸಾವ್ಕಾರ್ರ! ಸಿಕ್ತ್ರೀ! ಬೆಕ್ಕು ಸಿಕ್ತು! ನಮ್ಮವರು ತಂದಾರ!"

ಮನೆ ಒಮ್ಮೆಲೇ ಎದ್ದಿತು. ಪ್ರಣೀತಾ ಬರಿಗಾಲಲ್ಲಿ ಮೆಟ್ಟಿಲಿಳಿದಳು. ಶೆಟ್ಟರು ಪಂಚೆ ಎತ್ತಿ ಕಟ್ಟುತ್ತಾ ಓಡಿದರು. ಲತೇಶನೂ ಸೀನುವುದನ್ನು ಮರೆತು ಹಿಂದೆಯೇ ಹೋದ. ಭುವನೇಶ್ವರಿಯೂ ಮೆಟ್ಟಿಲವರೆಗೆ ಬಂದಳು. ಅಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟಳು.

ಹಿಂದೆ, ಅಡುಗೆಮನೆಯಲ್ಲಿ, ಕಾಯಿ ತುರಿಯುವ ಸದ್ದು. ನಿಂತಿರಲಿಲ್ಲ.

*

ಹಿತ್ತಿಲಿನಲ್ಲಿ ಹುಸೇನಪ್ಪ ಒಂದು ಬಿಸ್ಕಿಟ್ ರಟ್ಟಿನ ಪೆಟ್ಟಿಗೆ ಅಪ್ಪಿಕೊಂಡು ನಿಂತಿದ್ದ. ಯಾದಗಿರಿ ಕಡೆಯ ಎತ್ತರದ ಆಳು. ಗಡ್ಡ ಬೆಳೆದಿತ್ತು, ಕಬ್ಬಿನ ಗರಿ ಕೊಯ್ದು ಮುಂಗೈ ತುಂಬ ಗೀರು. ಅವನ ಹೆಂಡತಿ ತಿಪ್ಪವ್ವ, ಹೋಟೆಲಿನ ಪಾತ್ರೆ ತಿಕ್ಕುವವಳು, ಸಾಮಾನು ಕಟ್ಟುತ್ತಿದ್ದ ಹಗ್ಗ ಕೈಯಲ್ಲೇ ಹಿಡಿದು ಓಡಿಬಂದಿದ್ದಳು.

"ಬಿಳಿ ಬೆಕ್ಕ ನೋಡೀರೇನು ಅಂತ ಲಾರಿಯವರನ್ನೆಲ್ಲ ಮರಾಠಿಯಾಗ ಕೇಳಿದ್ನಿರಿ— ಪಾಂಢರೀ ಮಾಂಜರ್ ಪಾಹಿಲೀ ಕಾ, ಪಾಂಢರೀ ಮಾಂಜರ್… ಮಂದಿ ನಗತಿದ್ರು. ಇವತ್ತ ಮುಂಜಾನೆ ಢಾಬಾದ ಕಟಗಿ ಒಟ್ಟಿನ ಹಿಂದ ಕಂಡ್ತು. ಬೊಳ್ಳಿ ಬೊಳ್ಳಿ ಅಂದೆ, ಹೊಳ್ಳಿ ನೋಡ್ತರೀ! ಟೆಂಪೋದಾಗ ತೊಡಿ ಮ್ಯಾಲ ಇಟ್ಕೊಂಡು ಬಂದೀನಿ."

ಪ್ರಣೀತಾ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ನೋಡಿದಳು. ನಿಧಾನಕ್ಕೆ ಮುಚ್ಚಳ ಇಳಿಸಿದಳು.

"ಇದು ಬೊಳ್ಳಿ ಅಲ್ಲ."

ಹುಸೇನಪ್ಪನ ಮುಖ ನೋಡಲಾಗುತ್ತಿರಲಿಲ್ಲ. "ಬಿಳಿ ಅದಲ್ರಿ, ಚಿಕ್ಕವ್ವಾರ…"

"ಯಾವುದೋ ಬೀದಿ ಬೆಕ್ಕು ಹಿಡ್ಕೊಂಡು ಬಂದು ನಮ್ಮ ಕಣ್ಣಿಗೆ ಮಣ್ಣು ಹಾಕ್ಲಿಕ್ಕೆ ನೋಡ್ತೀಯಾ?" ಶೆಟ್ಟರು ಗುಡುಗಿದರು. "ಇವತ್ತೇ ರೂಮು ಖಾಲಿ ಮಾಡು!"

"ತಪ್ಪು ನಂದೇ ಅದರಿ ಸಾವ್ಕಾರ್ರ. ಬಾಗಲಾ ತೆಗೆದವ ನಾನೇ. ಸೀಟು ಒರಸಾಕಂತ ಚೀಲ ಎತ್ತಿದ್ನಿ, ಹಗುರ ಹತ್ತಿತು, ಒಳಗ ನೋಡಿದ್ರ—"

"ಬಾಗಲಾ ತೆಗೆಯೂದಕಿಂತ ಮೊದಲು ಜಿಪ್ ಹೆಂಗಿತ್ತು?" ಭುವನೇಶ್ವರಿ ನಡುವೆ ಬಂದಳು.

"ನೋಡಿಲ್ರಿ ತಾಯಿ. ಖರೇ ಹೇಳ್ತೀನಿ, ನೋಡಿಲ್ಲ."

ಮೂರು ದಿನದಲ್ಲಿ ಅವನು ತನ್ನ ಅಪರಾಧವನ್ನು ತಾನೇ ನಂಬಿಬಿಟ್ಟಿದ್ದ. ಅದು ಭುವನೇಶ್ವರಿಯನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು. ತಿಪ್ಪವ್ವ ಅಷ್ಟರಲ್ಲಿ ಪೆಟ್ಟಿಗೆಯೊಳಗೆ ಕೈಯಿಟ್ಟು ಬೆಕ್ಕಿನ ಹೊಟ್ಟೆ ತಡವಿ, ಗಂಡನ ಕಡೆ ತಿರುಗಿದ್ದಳು. "ಅಯ್ಯ ಪಾಪ… ಇದು ಹಾಲಿನ ಬೆಕ್ಕು. ಮಲಿ ತುಂಬ್ಯಾವ ನೋಡು. ಎಲ್ಲೋ ಮರಿ ಅವ ಇದರವು."



"ಶೆಟ್ರ," ಎಂದಳು ಭುವನೇಶ್ವರಿ, "ಮ್ಯಾಲೆ ಬರ್ರಿ. ನಿಮ್ಮ ಉತ್ತರ ಸಿಕ್ಕದ."

*

ಅಡುಗೆಮನೆಯ ಬಾಗಿಲು ಮುಂದೆಮಾಡಿ ಅವಳು ನೀಲಿ ಟವೆಲನ್ನು ಕಟ್ಟೆಯ ಮೇಲೆ ಹರವಿದಳು.

"ಈ ದಾರಿಯಾಗ ನಿಮ್ಮ ಬೆಕ್ಕು ಪ್ರತಿ ಸಲ ಕಕ್ಕತಾವ. ಖಾಲಿ ಹೊಟ್ಟೀಲಿ ಬಂದ ಪಿಂಟ್ಯಾನೇ ಟವೆಲ್ ಹೊಲಸು ಮಾಡ್ಯಾನ. ಬೊಳ್ಳಿ ಮುದುಕಿ, ರೋಗಿಷ್ಟಿ. ಅದೇ ಘಾಟು, ಅದೇ ತಿರುವು. ಇದರ ಮ್ಯಾಲೆ ಒಂದು ಹನಿ ಜೊಲ್ಲಿಲ್ಲ. ನೀಲಿ ಬಟ್ಟಿ ಮ್ಯಾಲೆ ಒಂದು ಬಿಳಿ ಕೂದಲಿಲ್ಲ. ಮಡಿಕೆ ಸೈತ ಮುರಿದಿಲ್ಲ. ಯಾಕ?"

"ಮಾತ್ರೆ ಕೊಟ್ಟಿತ್ತು, ಮಲಗಿತ್ತು…" ಶೆಟ್ಟರು ತಡವರಿಸಿದರು.

"ಮಲಗಿದ ಬೆಕ್ಕಿಗೂ ಮೈ ತುಂಬ ಕೂದಲಾ ಇರ್ತಾವ್ರಿ. ಬೊಳ್ಳಿ ಈ ಚೀಲದಾಗ ಹೋಗೇ ಇಲ್ಲ. ಕಾರು ಕ್ಯಾಂಪ್ ಬಿಡೂ ಹೊತ್ತಿಗೇ ಚೀಲ ಖಾಲಿ ಇತ್ತು. ಒದರಿದ್ದು ಪಿಂಟ್ಯಾ ಒಬ್ಬನೇ. ಹುಸೇನಪ್ಪ ಬಾಗಲಾ ತೆಗದಾಗ ಹಾರಿ ಹೋಗಾಕ ಅಲ್ಲಿ ಯಾರೂ ಇರಲಿಲ್ಲ."

ಶೆಟ್ಟರು ಹೆಂಡತಿಯತ್ತ ನೋಡಿದರು. ಕುಸುಮ ತುರಿದ ಕಾಯಿಯನ್ನು ಬೆರಳಿನಿಂದ ಒಟ್ಟುಮಾಡುತ್ತಿದ್ದಳು.

"ಆದ್ರ ಇದು ಚೀಲದ ಮಾತು. ಮನುಷ್ಯಾರ ಮಾತು ಬ್ಯಾರೆ ಅದ," ಎಂದಳು ಭುವನೇಶ್ವರಿ. ದನಿ ತಗ್ಗಿತ್ತು. "ಎರಡಕ್ಕೂ ಉಪವಾಸ ನಿಮ್ಮ ಮನಿ ಕ್ರಮ. ಪಿಂಟ್ಯಾಗ ಆ ಕ್ರಮ ನಡೀತು. ಬೊಳ್ಳಿಗೆ ಮಾತ್ರ ಬಂಗಡೆ ಹುರದು, ಮುಳ್ಳು ತೆಗದು, ಕೈಯಾರೆ ತಿನ್ನಿಸಿದ್ರಿ. ಘಾಟ್ ಹತ್ತಬೇಕಾದ ಬೆಕ್ಕಿಗೆ ಯಾರೂ ಮೀನು ತಿನ್ನಿಸಂಗಿಲ್ಲ ಅಕ್ಕಾರ. ಅದು ಘಾಟ್ ಹತ್ತಂಗಿಲ್ಲ ಅಂತ ಗೊತ್ತಿದ್ದವರು ತಿನ್ನಸ್ತಾರ. ಈಗ ಬೆಕ್ಕು ಸಿಕ್ತು ಅಂತ ಕೂಗಿದ್ರು. ಮನಿ ಮಂದಿಯೆಲ್ಲ ಓಡಿದ್ರು. ನಿಮ್ಮ ತುರಿಮಣಿ ನಿಲ್ಲಲಿಲ್ಲ. ಸಿಗೂದಿಲ್ಲ ಅಂತ ಈ ಮನಿಯಾಗ ನಿಮಗೊಬ್ಬರಿಗೇ ಗೊತ್ತಿತ್ತು."

"ಕುಸುಮಾ?" ಎಂದರು ಶೆಟ್ಟರು.

ಕುಸುಮ ಕೈ ತೊಳೆದಳು. ಒರೆಸಿಕೊಂಡಳು. ಅವಸರವಿರಲಿಲ್ಲ.

"ಡಾಕ್ಟ್ರೇ ಹೇಳಿದ್ದು, ಇಷ್ಟು ದೂರದ ಕಾರು ಇದಕ್ಕೆ ಆಗುದಿಲ್ಲ, ದಾರಿಯಲ್ಲೇ ಒದ್ದಾಡಿ ಸಾಯ್ತದೆ ಅಂತ. ನಿಮಗೆ ಹೇಳಿದೆ. ನೀವು ಗಿರಾಕಿ ಹತ್ರ ಮಾತಾಡ್ತಾ, ಆಯ್ತು ನೋಡ್ವ ಅಂದ್ರಿ. ಪ್ರಣೀತಾಗೆ ಹೇಳಿದೆ. ಬೊಳ್ಳಿ ಇಲ್ಲದೆ ನಾನೂ ಬರುದಿಲ್ಲ ಅಂದ್ಲು. ಎಲ್ಲರಿಗೂ ಬೊಳ್ಳಿ ಬೇಕು. ಬೊಳ್ಳಿಯ ಮೂತ್ರದ ಬಟ್ಟೆ, ಸೂಜಿ, ಮಧ್ಯರಾತ್ರಿಯ ಕೂಗು ಯಾರಿಗೂ ಬೇಡ. ಆ ದಿನ ತಿನ್ನಿಸಿ, ತರಕಾರಿ ಚೀಲದಲ್ಲಿ ಹಾಕ್ಕೊಂಡು ಹೋದೆ. ಡಾಕ್ಟ್ರು ಸೂಜಿ ಹಾಕುವಾಗ ತಲೆ ನನ್ನ ಕೈಯಲ್ಲೇ ಇತ್ತು. ಕೈ ನೆಕ್ತಿತ್ತು. ಮೀನಿನ ವಾಸನೆ ಇತ್ತಲ್ಲ."

ಅವಳು ಮತ್ತೊಮ್ಮೆ ಕೈ ಒರೆಸಿಕೊಂಡಳು.

"ಊರು ಮುಟ್ಟಿದ ಮೇಲೆ ಮಗಳನ್ನು ಕೂರಿಸಿ ಹೇಳ್ತಿದ್ದೆ," ಎಂದಳು.

"ಬೆಕ್ಕಿನ ವಿಷಯ ನಿಮ್ಮದು ಅಕ್ಕಾರ. ಅದಕ್ಕ ನಾ ಏನೂ ಅನ್ನಂಗಿಲ್ಲ. ಮನಿ ಒಬ್ಬರ ಬೆನ್ನ ಮ್ಯಾಲೆ ನಡೆಯೂದು ನನಗೂ ಗೊತ್ತದ. ಆದ್ರ ಢಾಬಾದಾಗ ಎಲ್ಲಾರೂ ಹುಸೇನಪ್ಪನ ಮ್ಯಾಲೆ ಬಿದ್ದಾಗ?"

"ಬಾಯಿ ಬರ್ಲಿಲ್ಲ."

"ಮೂರು ದಿನ?"

ಕುಸುಮ ನೀಲಿ ಟವೆಲನ್ನು ಮತ್ತೆ ಮಡಿಸತೊಡಗಿದಳು. ಬೆನ್ನ ಮೇಲಿನ ಭಾರದಲ್ಲಿ ಒಂದಿಷ್ಟನ್ನು ಅವಳೂ ತನಗಿಂತ ಕೆಳಗಿನ ಬೆನ್ನಿಗೆ ದಾಟಿಸಿದ್ದಳು, ಅಷ್ಟೇ.

ಶೆಟ್ಟರು ಮೊದಲು ಚೇತರಿಸಿಕೊಂಡರು. "ನೋಡಿ ಮೇಡಂ, ಇದು ಈ ಅಡುಗೆಮನೆಯಲ್ಲೇ ಇರ್ಲಿ. ಗೊತ್ತಾದ್ರೆ ಮಗಳು ತಾಯಿಯ ಮುಖ ನೋಡ್ಲಿಕ್ಕಿಲ್ಲ. ಹುಸೇನಪ್ಪನನ್ನು ಕ್ಷಮಿಸಿದ್ದೇವೆ ಅಂತ ಹೇಳ್ವ. ರೂಮಲ್ಲೇ ಇರ್ಲಿ ಅವ. ಅವನಿಗೂ ಖುಷಿ, ನಮಗೂ ಆಯ್ತು."

"ಮಾಡದ ತಪ್ಪಿಗೆ ಕ್ಷಮಾ ಬ್ಯಾರೆ ಕೊಡ್ತೀರಾ?" ಎಂದಳು ಭುವನೇಶ್ವರಿ. "ನಿಮ್ಮ ಮಗಳು ತಾನೇ ಜಿಪ್ ಹಾಕಲಿಲ್ಲ ಅಂತ ಕೊರಗಲಿಕ್ಕತ್ತಾಳ. ಅದು ಗೊತ್ತದ ಏನು ನಿಮಗ?"

ಕುಸುಮಳಿಗೆ ಗೊತ್ತಿರಲಿಲ್ಲ.  ಗಂಡನನ್ನು ದಾಟಿ, ಬಾಗಿಲು ತೆಗೆದು, ಮೆಟ್ಟಿಲಿಳಿದಳು.

*

ಹುಸೇನಪ್ಪ ಅವಳನ್ನು ಕಂಡವನೇ ಕೈ ಮುಗಿದ. "ತಪ್ಪಾಯ್ತ್ರಿ ಅಕ್ಕೋರ. ಇನ್ನೊಮ್ಮೆ ಕೇಳದ ಬಾಗಲಾ ತೆಗೆಯಂಗಿಲ್ರಿ."

"ಕೈ ಇಳಿಸು." ಎಂದಳು ಕುಸುಮ. "ನೀನು ಬಾಗಿಲು ತೆಗೆದಾಗ ಬೊಳ್ಳಿ ಕಾರಲ್ಲಿ ಇರಲೇ ಇಲ್ಲ. ಅವತ್ತು ಬೆಳಿಗ್ಗೆಯೇ ಡಾಕ್ಟ್ರ ಹತ್ರ ತೀರಿಹೋಗಿತ್ತು. ನಾನೇ ಕೊಂಡುಹೋದದ್ದು. ಖಾಲಿ ಬ್ಯಾಗು ನಾನೇ ತಂದಿಟ್ಟದ್ದು, ಜಿಪ್ಪು ಅರ್ಧ ಹಾಕಿ."

ಹುಸೇನಪ್ಪ ತನ್ನ ಗೀರು ಬಿದ್ದ ಕೈಗಳನ್ನು ನೋಡಿಕೊಂಡ.   ತಿಪ್ಪವ್ವ ಕೈಯಲ್ಲಿದ್ದ ಹಗ್ಗವನ್ನು ಸುತ್ತತೊಡಗಿದಳು, ಬಿಗಿಯಾಗಿ, ಯಾರ ಮುಖವನ್ನೂ ನೋಡದೆ.

ಪ್ರಣೀತಾ ಅಳಲಿಲ್ಲ. ತಾಯಿಯನ್ನೇ ನೋಡುತ್ತಾ ಕೇಳಿದಳು, "ಅದಕ್ಕೇ ಬಂಗುಡೆ ಕೊಟ್ಟದ್ದಾ?"

ಕುಸುಮ ಹೌದೆಂದು ತಲೆಯಾಡಿಸಿದಳು. ಮಗಳತ್ತ ಕೈ ಚಾಚಿದಳು. ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಒಂದೇ ಹೆಜ್ಜೆ.

ಪೆಟ್ಟಿಗೆಯೊಳಗಿನಿಂದ ಬೆಕ್ಕು ಕೂಗಿತು.

"ಇದನ್ನ ಹೊಳ್ಳಿ ಬಿಟ್ಟು ಬರಬೇಕ್ರಿ," ಎಂದ ಹುಸೇನಪ್ಪ, ಯಾರಿಗೆಂದಿಲ್ಲದೆ. "ಕತ್ತಲಾಗೂದ್ರಾಗ ಹೋದ್ರ ಮರಿ ಉಳದಾವು. ಕಟಗಿ ಒಟ್ಟು ನನಗಷ್ಟೇ ಗೊತ್ತದ."

ಶೆಟ್ಟರು ಏನೋ ಗೊಣಗಲು ಹೊರಟವರು ಮಗಳ ಮುಖ ನೋಡಿ ಕಾರಿನ ಕೀ ತೆಗೆದುಕೊಟ್ಟರು. ಹುಸೇನಪ್ಪ ಅದನ್ನು ತೆಗೆದುಕೊಂಡ. ಹಿಂದಿನ ದಿನಗಳಂತೆ ಹಣೆಗೆ ಮುಟ್ಟಿಸಿಕೊಳ್ಳಲಿಲ್ಲ.

ಭುವನೇಶ್ವರಿ ಮೇಲಿಂದ ಥರ್ಮೋಕೋಲ್ ಹಾಳೆ ಹೊತ್ತು ಇಳಿದು ಬರುವಷ್ಟರಲ್ಲಿ ಪೆಟ್ಟಿಗೆ ಹಿಂದಿನ ಸೀಟಿನಲ್ಲಿತ್ತು. ಪಕ್ಕದಲ್ಲಿ ಪ್ರಣೀತಾ, ಬಾಗಿಲ ಚಿಲಕ ಬಿಗಿಯಾಗಿ ಹಿಡಿದು. ಕುಸುಮ ಹೋಟೆಲಿನ ಒಳಗಿನಿಂದ ಒಂದು ಬಟ್ಟಲು ಹಾಲು ತಂದು ಕಿಟಕಿಯಲ್ಲಿ ಹಿಡಿದಳು.

"ಪಾಪ, ಬೆಳಗಿಂದ ಏನೂ ತಿಂದಿಲ್ಲ ಅದು. ಸ್ವಲ್ಪ ಕುಡಿಸು ಮಗಾ."

ಹುಡುಗಿ ಪೆಟ್ಟಿಗೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

"ಏನೂ ಕೊಡ್ಬೇಡ ಅಮ್ಮ. ಇದು ನಿಜವಾಗಿ ಘಾಟಿ ಹತ್ತಿ ಹೋಗ್ಲಿಕ್ಕುಂಟು."